ಒಂದು ಸಾಲು ಅಂದ್ರೆ ಯಾರು?

ಇವತ್ತಿನ ಮಾತು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ, ಅರ್ಥಶಾಸ್ತ್ರ ಪಾಠ ಮಾಡೋರಿಗೆ. ಬಿಎ ಓದೋ ಮಕ್ಕಳಿಗೆ ಅಂಕಿಅಂಶ ಅಂದ್ರೆ ಪರೀಕ್ಷೆಗೆ ಉರು ಹೊಡೆಯೋ ಶೇಕಡಾವಾರು ಅಷ್ಟೇ. ಅದನ್ನ ಬೇರೆ ಥರ ಕಲಿಸಬಹುದು ಅನ್ನೋದು ನನ್ನ ವಾದ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕೆಲಸದಲ್ಲಿ ಹೊಸ ಡೇಟಾಬೇಸ್ ಕೈಗೆ ಬಂದಾಗ ಮೊದಲು ಕೇಳೋ ಪ್ರಶ್ನೆ ಒಂದೇ: ಈ ಟೇಬಲ್ಲಿನಲ್ಲಿ ಒಂದು ಸಾಲು ಅಂದ್ರೆ ಏನು? ಒಬ್ಬ ಗ್ರಾಹಕನಾ, ಒಂದು ಆರ್ಡರಾ? ಇದು ಗೊತ್ತಿಲ್ಲದೆ ಕೂಡಿಸಿದರೂ ಮೊತ್ತ ಬರುತ್ತೆ. ಕಂಪ್ಯೂಟರ್ ತಪ್ಪು ಅಂತ ಹೇಳೋದೂ ಇಲ್ಲ. ಆದರೆ ಆ ಮೊತ್ತಕ್ಕೆ ಅರ್ಥ ಇರೋದಿಲ್ಲ. ಸಮಾಜದ ಅಂಕಿಗಳಿಗೂ ಇದೇ ಪ್ರಶ್ನೆ ಹಾಕಬೇಕು.

ಒಂದು ಊರು ಇಟ್ಕೊಂಡು ನೋಡೋಣ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಹೋದವರಿಗೆ ದೌಂಡ ಜಂಕ್ಷನ್ ಗೊತ್ತಿರುತ್ತೆ. ಸೊಲ್ಲಾಪುರ ದಾಟಿದ ಮೇಲೆ, ಪುಣೆಗೆ ಮುಂಚೆ ಸಿಗುತ್ತೆ. ಭೀಮಾ ನದಿಯ ದಂಡೆ ಅದು. ಅದೇ ನದಿ ಮುಂದೆ ನಮ್ಮ ವಿಜಯಪುರ, ಕಲಬುರಗಿ ಕಡೆಗೆ ಹರಿದು ಬರುತ್ತೆ. ದೌಂಡ ತಾಲೂಕು ಅಂದ್ರೆ ಕಬ್ಬು, ಪಾಟಸ್‌ನಲ್ಲಿ ಸಕ್ಕರೆ ಕಾರ್ಖಾನೆನೂ ಇದೆ. ದಸರಾ, ದೀಪಾವಳಿ ಹೊತ್ತಿಗೆ ಈ ಸೀಮೆಗೆ ಬೀಡ್ ಜಿಲ್ಲೆ ಕಡೆಯಿಂದ ಕಬ್ಬು ಕಡಿಯೋ ಜನ ಬಂದು ಗುಡಿಸಲು ಹಾಕ್ಕೊಳ್ತಾರೆ.

ಇವರನ್ನ ಕರ್ಕೊಂಡು ಬರೋ ಗುತ್ತಿಗೆದಾರನಿಗೆ ಮುಕಾದಮ ಅಂತಾರೆ. ಅವನ ಲೆಕ್ಕದ ಘಟಕ ‘ಕೋಯ್ತಾ’. ಕೋಯ್ತಾ ಅಂದ್ರೆ ಕಬ್ಬು ಕಡಿಯೋ ಮಚ್ಚು. ಆದರೆ ಲೆಕ್ಕದಲ್ಲಿ ಒಂದು ಕೋಯ್ತಾ ಅಂದ್ರೆ ಗಂಡ ಹೆಂಡತಿ ಜೋಡಿ. ಮುಂಗಡ ಕೊಡೋದು ಜೋಡಿಗೆ, ಟನ್ ಲೆಕ್ಕ ಜೋಡಿಗೆ.

ಮೊದಲನೇ ಪಾಠ ಇಲ್ಲೇ ಇದೆ. ಪುಸ್ತಕದಲ್ಲಿ 20 ಸಾಲು ಇದೆ ಅಂದ್ಕೊಳ್ಳಿ. ಕೆಲಸಗಾರರು ಎಷ್ಟು ಜನ? ಇಪ್ಪತ್ತು ಅಂದ ವಿದ್ಯಾರ್ಥಿಯ ಲೆಕ್ಕದಲ್ಲಿ ತಲಾ ಕೂಲಿ ಎರಡು ಪಟ್ಟು ಆಗಿಬಿಡುತ್ತೆ. ಸರಿ, ನಲವತ್ತು ಅಂತ ತಿದ್ದಿದ್ವಿ. ಈಗ ಹೆಂಗಸಿನ ಕೂಲಿ ಎಷ್ಟು ಅಂತ ಕೇಳಿ. ಆ ಕಾಲಮ್ಮೇ ಇಲ್ಲ! ಬರೆದಿಡದೇ ಇದ್ದದ್ದನ್ನ ಯಾವ ಕೋಡೂ ಹೊರಗೆ ತೆಗೆಯೋದಿಲ್ಲ.

ಎರಡನೇದು, ಜನಗಣತಿ. 2011ರ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಅಂದ್ರೆ ಕಬ್ಬು ಕಡಿಯೋ ಕಾಲ. ವಲಸೆಗೆ ಕಾರಣ ಏನು ಅಂತ ಕೇಳಿ ಒಬ್ಬರಿಗೆ ಒಂದೇ ಕಾರಣ ಗುರುತು ಹಾಕ್ತಾರೆ: ಕೆಲಸ, ಮದುವೆ, ಮನೆಯವರ ಜೊತೆ ಬಂದದ್ದು, ಹೀಗೆ. ದೇಶದ ವಲಸಿಗ ಹೆಂಗಸರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿಗೆ ಕಾರಣ ಮದುವೆ ಅಂತಿದೆ. ಈಗ ದೌಂಡದ ಗುಡಿಸಲಲ್ಲಿರೋ ಹೆಂಗಸಿಗೆ ಏನು ಬರೀಬೇಕು? ಗಂಡನಿಗೆ ‘ಕೆಲಸ’, ಅವಳಿಗೆ ‘ಮನೆಯವರ ಜೊತೆ’ ಅಂತ ಬರೆದುಬಿಡಬಹುದು. ಇಬ್ಬರೂ ಕಡಿದದ್ದು ಒಂದೇ ಕಬ್ಬು. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅಲ್ಪಾವಧಿ ವಲಸಿಗ ಅನ್ನಿಸಿಕೊಳ್ಳೋಕೆ ಒಂದು ತಿಂಗಳಾದರೂ ಊರು ಬಿಟ್ಟಿರಬೇಕು, ಆದರೆ ಆರು ತಿಂಗಳು ಮೀರಬಾರದು. ಅಕ್ಟೋಬರಿನಲ್ಲಿ ಹೋಗಿ ಏಪ್ರಿಲ್ ಕೊನೆಗೆ ಬಂದವಳು ಯಾವ ಪಟ್ಟಿಗೆ ಸೇರ್ತಾಳೆ? ನೀವು ಉತ್ತರ ಹೇಳಬೇಡಿ. ಪ್ರಶ್ನಾವಳಿ ಕೈಗೆ ಕೊಟ್ಟು ಮಕ್ಕಳನ್ನ ವಾದ ಮಾಡೋಕೆ ಬಿಡಿ.

ಮೂರನೇದು ಇನ್ನೂ ಕಷ್ಟದ ವಿಷಯ. ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರ ವಿಚಾರ 2019ರಲ್ಲಿ ದೊಡ್ಡ ಸುದ್ದಿಯಾಯ್ತು. ಮೂರು ಅಂಕಿಗಳು ಓಡಾಡಿದವು. 200 ಹೆಂಗಸರ ಒಂದು ಸಮೀಕ್ಷೆಯಲ್ಲಿ ಶೇ. 36. ಮಹಾರಾಷ್ಟ್ರ ಸರ್ಕಾರದ ಸಮಿತಿಯ ಸಮೀಕ್ಷೆಯಲ್ಲಿ 82,309 ಹೆಂಗಸರಲ್ಲಿ 13,861, ಅಂದ್ರೆ ಸುಮಾರು ಶೇ. 17. ಎನ್‌ಎಫ್‌ಎಚ್‌ಎಸ್-4, ಅಂದ್ರೆ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಡೀ ಮಹಾರಾಷ್ಟ್ರಕ್ಕೆ ಶೇ. 2.6.

ಯಾವುದು ನಿಜ ಅಂತ ಮಕ್ಕಳು ಕೇಳ್ತಾರೆ. ಮತ್ತೆ ಅದೇ ಪ್ರಶ್ನೆ: ಸಾಲಿನಲ್ಲಿರೋದು ಯಾರು? ಆ 200 ಜನರನ್ನ ಹೇಗೆ ಆರಿಸಿದ್ರು? ಎನ್‌ಎಫ್‌ಎಚ್‌ಎಸ್ ಕೇಳೋದು 15ರಿಂದ 49 ವಯಸ್ಸಿನ ಎಲ್ಲ ಥರದ ಹೆಂಗಸರನ್ನ. ಅದರಲ್ಲಿ ಹದಿನೈದರ ಹುಡುಗಿಯೂ ಇದ್ದಾಳೆ. ಹಾಗಾಗಿ ವಯಸ್ಸು ಹೊಂದಿಸದೆ ಪಕ್ಕಪಕ್ಕ ಇಟ್ಟು ಹೋಲಿಸೋ ಹಾಗಿಲ್ಲ. ಇಷ್ಟೆಲ್ಲ ಕೇಳೋದು ಆ ಹೆಂಗಸರ ಮಾತನ್ನ ಅನುಮಾನಿಸೋದಕ್ಕಲ್ಲ. ಅಜಾಗರೂಕತೆಯಿಂದ ಹೇಳಿದ ಅಂಕಿಯನ್ನ ಯಾರು ಬೇಕಾದ್ರೂ ತಳ್ಳಿಹಾಕಬಹುದು. ಅದರ ಜೊತೆಗೆ ಅವರ ನೋವನ್ನೂ ತಳ್ಳಿಹಾಕ್ತಾರೆ. ಸರಿಯಾಗಿ ಹೇಳಿದ ಅಂಕಿಗೆ ಉತ್ತರ ಕೊಡಲೇಬೇಕಾಗುತ್ತೆ.

ಇದಕ್ಕೆಲ್ಲ ದೊಡ್ಡ ಲ್ಯಾಬ್ ಬೇಕಿಲ್ಲ, ಎಕ್ಸೆಲ್ ಸಾಕು. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್‌ನ ಮೂಲ ದತ್ತಾಂಶ ನೋಂದಣಿ ಮಾಡಿದರೆ ಉಚಿತವಾಗಿ ಸಿಗುತ್ತೆ. ಎರಡು ಎಚ್ಚರಿಕೆ ಮಾತ್ರ. ಅದರಲ್ಲಿ ಒಂದು ಸಾಲು ಒಬ್ಬರನ್ನಲ್ಲ, ನೂರಾರು, ಸಾವಿರಾರು ಜನರನ್ನ ಪ್ರತಿನಿಧಿಸುತ್ತೆ, ಆದ್ದರಿಂದ ತೂಕದ ಕಾಲಮ್ ಬಿಡಬಾರದು. ಇನ್ನೊಂದು, ಮಾದರಿ ಸಮೀಕ್ಷೆ ರಾಜ್ಯದ ಬಗ್ಗೆ ಮಾತಾಡುತ್ತೆ, ದೌಂಡದಂಥ ಒಂದು ತಾಲೂಕಿನ ಬಗ್ಗೆ ಮಾತಾಡೋದಿಲ್ಲ. ನನ್ನ ಸಲಹೆ ಇಷ್ಟು: ಮೊದಲ ಕ್ಲಾಸು ಪ್ರಶ್ನಾವಳಿ ಓದೋದಕ್ಕೆ, ಎರಡನೇದು ಸಾಲು ಅಂದ್ರೆ ಯಾರು ಅಂತ ಗುರುತಿಸೋದಕ್ಕೆ. ಸರಾಸರಿ ತೆಗೆಯೋದು ಮೂರನೇ ಕ್ಲಾಸಿನಲ್ಲಿ.

ಮುಂದಿನ ಜನಗಣತಿಗೆ ದೇಶದ ಬಹುಭಾಗದಲ್ಲಿ ಆಧಾರ ದಿನಾಂಕ 2027ರ ಮಾರ್ಚ್ 1. ಅದೂ ಕಬ್ಬು ಕಡಿಯೋ ಕಾಲವೇ. ಆ ಫಾರಂನಲ್ಲಿ ಗುಡಿಸಲಿನ ಹೆಂಗಸಿಗೆ ಯಾವ ಕಾರಣ ಬರೀತಾರೆ ಅಂತ ಕೇಳೋ ವಿದ್ಯಾರ್ಥಿಗಳು ನಿಮ್ಮ ಕ್ಲಾಸಿನಿಂದ ಬರಲಿ.