ಪ್ರಜಾಪ್ರತಿನಿಧಿಯ ಅರ್ಹತೆ
(ದೊಡ್ಡಬಳ್ಳಾಪುರದಲ್ಲಿ ಉಪಾಧ್ಯಾಯರೂ ನಾಗರಿಕರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಚುನಾಯಿತರಾದ ಮುಖಂಡರು ತಮ್ಮ ಸ್ಥಾನಕ್ಕೆ ತಾವು ಅರ್ಹರೆಂಬುದನ್ನು ಪ್ರಜೆಗಳೆದುರಿಗೆ ಸಿದ್ಧಪಡಿಸಬೇಕೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಪ್ರಾಥಮಿಕ ಪಾಠಶಾಲೆಯ ಉಪಾಧ್ಯಾಯನಾಗತಕ್ಕವನು ವಯಸ್ಸಿಗೂ ವಿದ್ಯೆಗೂ ಪ್ರಮಾಣಪತ್ರಗಳನ್ನು ತೋರಿಸಿಯೇ ಒಳಗೆ ಕಾಲಿಡಬೇಕು. ಹಾಗಿರುವಲ್ಲಿ ಆ ಪಾಠಶಾಲೆಗೆ ಕಾನೂನು ಮಾಡತಕ್ಕ ಶಾಸನಸಭೆಯ ಸದಸ್ಯನು ಬರಿಯ ಬಾಯಿಮಾತಿನಿಂದ ಒಳಹೊಗಬಹುದೆ? ಹೊಗಬಾರದೆಂಬುದೇ ನಮ್ಮ ಅಭಿಪ್ರಾಯ. ಆದರೆ ಯಾರಿಗೆ, ಯಾವಾಗ, ಎಷ್ಟು ಸಾರಿ ಸಿದ್ಧಪಡಿಸಬೇಕೆಂಬುದನ್ನು ವಿಚಾರಮಾಡುವುದು ಅವಶ್ಯ.

ಸಂವಿಧಾನದ 173ನೆಯ ವಿಧಿಯ ಪ್ರಕಾರ ವಿಧಾನಸಭೆಗೆ ನಿಲ್ಲುವವನು ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ತನ್ನ ಜಾತಿಯನ್ನೂ ಘೋಷಿಸಬೇಕು. 2002ರ ಮೇ 2ರಂದು ಸುಪ್ರೀಂ ಕೋರ್ಟು ಉಮೇದುವಾರನ ಆಸ್ತಿ, ಸಾಲ, ವಿದ್ಯೆ, ಕ್ರಿಮಿನಲ್ ಮೊಕದ್ದಮೆಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ತೀರ್ಪಿತ್ತಿತು. ಆ ಹಕ್ಕನ್ನು ಮೊಟಕುಮಾಡಲು ಪಾರ್ಲಿಮೆಂಟು ತಂದ ಕಾನೂನನ್ನು 2003ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು ತಳ್ಳಿಹಾಕಿತು. ಆದುದರಿಂದ ‘ನನ್ನನ್ನು ಕೇಳಲು ನೀನಾರು?’ ಎಂದು ಮತದಾರನನ್ನು ಗದರಿಸುವ ಕಾಲವು ಕಳೆದುಹೋಗಿದೆ.

ಕಾನೂನಿದ್ದರೂ ಕಾಲಕ್ಕೆ ಸರಿಯಾಗಿ ಫಲ ದೊರೆಯದಿದ್ದರೆ ಏನಾಗುವುದೆಂಬುದಕ್ಕೆ ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲೇ ನಿದರ್ಶನ. ಪರಿಶಿಷ್ಟ ಜಾತಿಗೆ ಮೀಸಲಾದ ಆ ಕ್ಷೇತ್ರದಿಂದ 2013ರಲ್ಲಿ ಶ್ರೀ ಜಿ. ಮಂಜುನಾಥರು ಆರಿಸಿಬಂದರು. ಅವರು ಹೇಳಿಕೊಂಡ ಜಾತಿಗೆ ಅವರು ಸೇರಿದವರಲ್ಲವೆಂದು ಹೈಕೋರ್ಟು ತೀರ್ಮಾನಿಸಿದ್ದು 2018ರ ಏಪ್ರಿಲಿನಲ್ಲಿ. ಅಂದರೆ ವಿಧಾನಸಭೆಯ ಅವಧಿಯೇ ಮುಗಿಯುತ್ತ ಬಂದಾಗ. ಚುನಾವಣಾ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸತಕ್ಕದ್ದೆಂದು ಕಾನೂನು ಹೇಳುತ್ತದೆ. ಇಲ್ಲಿ ಐದು ವರ್ಷಗಳು ಹಿಡಿದವು. ಊಟ ಮುಗಿದು ಎಲೆ ಎತ್ತಿದ ಮೇಲೆ ಪಂಕ್ತಿಯಲ್ಲಿ ಕುಳಿತಿದ್ದವನು ಯಾರೆಂದು ವಿಚಾರಿಸಿದಂತಾಯಿತು. ಹಸಿದವನ ಎಲೆ ಹಸಿದವನಿಗೆ ಮರಳಿ ಬರಲಿಲ್ಲ.

ನಮ್ಮ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ದೇವನಹಳ್ಳಿ, ನೆಲಮಂಗಲ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದವು. ಶತಮಾನಗಳಿಂದ ಊರಾಚೆ ನಿಲ್ಲಿಸಲ್ಪಟ್ಟವರಿಗೆ ದೊರೆತ ಪೀಠವದು. ಅದನ್ನು ಸುಳ್ಳು ಪತ್ರದಿಂದ ಕಸಿಯುವುದು ಬರಿಯ ಕಾಗದದ ತಪ್ಪಲ್ಲ, ದ್ರೋಹ.

ಇನ್ನು ಹೊಸಕೋಟೆಯ ವಿಚಾರ. 2018ರಲ್ಲಿ ಅಲ್ಲಿಂದ ಗೆದ್ದ ಶ್ರೀ ಎಂ. ಟಿ. ಬಿ. ನಾಗರಾಜರನ್ನು 2019ರ ಜುಲೈಯಲ್ಲಿ ಸಭಾಧ್ಯಕ್ಷರು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲಬಹುದೆಂದಿತು. ಅವರು ಡಿಸೆಂಬರಿನ ಉಪಚುನಾವಣೆಯಲ್ಲಿ ಸೋತು, 2020ರಲ್ಲಿ ವಿಧಾನಪರಿಷತ್ತಿಗೆ ಆಯ್ಕೆಯಾದರು. ಮಂತ್ರಿಪದವಿಯ ಅರ್ಹತೆಯ ಪ್ರಶ್ನೆ ಬಂದಾಗ, ಆ ನವೆಂಬರಿನಲ್ಲಿ ಹೈಕೋರ್ಟು ತನ್ನ ಮಧ್ಯಂತರ ಆದೇಶದಲ್ಲಿ ಆಯ್ಕೆಯಾದವರಿಗೂ, ನಾಮಕರಣ ಹೊಂದಿದ ಶ್ರೀ ಎ. ಎಚ್. ವಿಶ್ವನಾಥರಿಗೂ ಭೇದವನ್ನೆಣಿಸಿತು, ನಾಗರಾಜರಿಗೆ ಅಡ್ಡಿಯಾಗಲಿಲ್ಲ, ವಿಶ್ವನಾಥರಿಗಾಯಿತು. ಇದರ ಫಲ ಕೆಲವರಿಗೆ ರುಚಿಸಿತು, ಕೆಲವರಿಗೆ ರುಚಿಸಲಿಲ್ಲ. ಆದರೂ ಕಾರಣಗಳು ಬಹಿರಂಗವಾಗಿ ಬರೆಯಲ್ಪಟ್ಟುವು. ಯಾರು ಬೇಕಾದರೂ ಓದಬಹುದು. ಅರ್ಹತೆಯು ಗುಟ್ಟಾಗಿರಬಾರದೆಂಬುದರ ಅರ್ಥವೇ ಇದು.

ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಪ್ರಶ್ನೆಮಾಡುವ ಹಕ್ಕು ಬೇರೆ, ಗುಲ್ಲೆಬ್ಬಿಸುವ ಚಟ ಬೇರೆ. ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲ ‘ಪತ್ರ ತೋರಿಸು’ ಎಂದು ದಿನದಿನವೂ ಗದ್ದಲಮಾಡಿದರೆ, ಅದು ಮೊದಲು ತಗಲುವುದು ಕೋಟ್ಯಧೀಶನಿಗಲ್ಲ. ಗ್ರಾಮಪಂಚಾಯತಿಗೆ ಹೊಸದಾಗಿ ಬಂದ ದಲಿತ ಹೆಣ್ಣುಮಗಳಿಗೆ. ಒಮ್ಮೆ ಕ್ರಮವಾಗಿ ಸಿದ್ಧವಾದುದನ್ನು ಹೊಸ ಆಧಾರವಿಲ್ಲದೆ ಮತ್ತೆ ಮತ್ತೆ ಕೆದಕುವುದು ನ್ಯಾಯವಲ್ಲ. ಆಪಾದಿಸುವವನೂ ತನ್ನ ಆಧಾರವನ್ನು ಮುಂದಿಡಬೇಕು.

ಆದುದರಿಂದ ನಾವು ಕೋರುವುದು ಮೂರು. ಉಮೇದುವಾರನ ಜಾತಿಪತ್ರದ ಪರಿಶೀಲನೆಯು ಮತದಾನಕ್ಕೆ ಮುಂಚೆಯೇ ಮುಗಿಯಲಿ. ಈಗ ಚುನಾವಣಾಧಿಕಾರಿಯ ಕಚೇರಿಯಲ್ಲಿ ಅಂಟಿಸುವ ಪ್ರಮಾಣಪತ್ರದ ಸಾರಾಂಶವು ಕನ್ನಡದಲ್ಲಿ ಪ್ರತಿ ಗ್ರಾಮಪಂಚಾಯತಿಯ ಬಾಗಿಲಲ್ಲಿಯೂ ಕಾಣಿಸಲಿ. ಅರ್ಜಿಗಳ ವಿಚಾರಣೆಗೆ ಕಾನೂನು ಹೇಳಿದ ಆರು ತಿಂಗಳು ಆರು ತಿಂಗಳಾಗಿಯೇ ಉಳಿಯಲಿ.

ಉಪಾಧ್ಯಾಯ ಮಹಾಶಯರೆ, ನಿಮ್ಮ ಹೊಣೆಯೂ ಇಲ್ಲಿ ಅಲ್ಪವಲ್ಲ. ಮಗುವನ್ನು ಶಾಲೆಗೆ ಸೇರಿಸುವ ದಿನ ದಾಖಲಾತಿ ಪುಸ್ತಕದಲ್ಲಿ ನೀವು ಬರೆಯುವ ಹುಟ್ಟಿದ ತಾರೀಖೂ ಜಾತಿಯೂ ಮೂವತ್ತು ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುತ್ತವೆ. ಯಾರ ದಾಕ್ಷಿಣ್ಯಕ್ಕೂ ಆ ಸಾಲನ್ನು ತಿದ್ದದಿರಿ. ಪುಸ್ತಕ ಶುದ್ಧವಾಗಿದ್ದರೆ ಯೋಗ್ಯನು ಅಂಜಬೇಕಾಗಿಲ್ಲ, ಅಯೋಗ್ಯನು ಅಡಗಲಾರನು.