ಎರಡು ಡಬ್ಬಿಯ ಬಿಳಿ ಪುಡಿ



ಹಾಸ್ಟೆಲ್ ಹುಡುಗರ ಮುಂದೆ ಬ್ಲೀಚಿಂಗ್ ಪೌಡರ್ ಬಗ್ಗೆ ಮಾತಾಡ್ತೀವಿ ಅಂದಾಗ ಕೆಲವರು ನಕ್ಕರು. ನಗಲಿ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನು ನಿಷೇಧಿಸಿದರು. 2013ರಲ್ಲಿ ದೇಶಕ್ಕೆಲ್ಲ ಇನ್ನೊಂದು ಕಾನೂನು ಬಂತು. ಆದರೂ ಕಕ್ಕಸ್ಸಿಗೆ, ಚರಂಡಿಗೆ ಪುಡಿ ಎರಚೋ ಕೈ ಇವತ್ತಿಗೂ ಹೆಚ್ಚಾಗಿ ನಮ್ಮವರದೇ.

"ಎರಡೂ ಕ್ಲೋರಿನ್ ತಾನೆ, ಬೆರೆಸಿದ್ರೆ ಡಬಲ್ ಪವರ್." ಈ ಮಾತನ್ನು ನಾವೂ ನಂಬಿದ್ದೆವು. ಸುಳ್ಳು. ಬ್ಲೀಚಿಂಗ್ ಪೌಡರಿನಲ್ಲಿರೋದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಸುಣ್ಣದ ಬಳಗ, ಕ್ಷಾರ. ಈಜುಕೊಳಕ್ಕೆ ಹಾಕೋ ಇನ್ನೊಂದು ಬಿಳಿ ಪುಡಿ, ಬಿಲ್ಲೆ ಇದೆ. ಟ್ರೈಕ್ಲೋರೋ ಐಸೋಸಯನೂರಿಕ್ ಆಸಿಡ್ ಅಂತ ಹೆಸರು. ಅದು ಆಮ್ಲ, ಅದರೊಳಗೆ ಸಾರಜನಕವೂ ಇದೆ. ಕಣ್ಣಿಗೆ ಎರಡೂ ಬಿಳಿ, ಮೂಗಿಗೆ ಎರಡೂ ಘಾಟು. ಎರಡೂ ಸೇರಿ ಒಂದಿಷ್ಟು ತೇವ ತಗಲಿತೋ, ಕಾಯುತ್ತೆ, ಕ್ಲೋರಿನ್ ಅನಿಲ ಬಿಡುತ್ತೆ, ಬೆಂಕಿ ಹತ್ತಬಹುದು. ನೈಟ್ರೋಜನ್ ಟ್ರೈಕ್ಲೋರೈಡ್ ಹುಟ್ಟಿದರೆ ಡಬ್ಬಿಯೇ ಸಿಡಿಯಬಹುದು. ಬೇಕಂತ ಕಲಸಬೇಕಾಗಿಲ್ಲ, ಒಂದರಲ್ಲಿ ಆಡಿಸಿದ ಒದ್ದೆ ಸೌಟನ್ನು ಇನ್ನೊಂದಕ್ಕೆ ಹಾಕಿದರೂ ಅಪಾಯವೇ.

ಕಕ್ಕಸ್ಸು ತೊಳೆಯೋ ಆಸಿಡ್ ಮೇಲೆ ಬ್ಲೀಚಿಂಗ್ ಬಿದ್ದಾಗಲೂ ಏಳೋದು ಅದೇ ಕ್ಲೋರಿನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಕಂದಕದ ಕಡೆ ಬಿಟ್ಟದ್ದು ಇದನ್ನೇ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿ ಇಳಿಯುತ್ತೆ. ಬಾಗಿಲಲ್ಲಿ ನಿಂತು ಕೆಲಸ ಹೇಳೋನಿಗೆ ಆಮೇಲೆ, ಕೂತು ಉಜ್ಜೋ ಹೆಂಗಸಿಗೆ ಮೊದಲು.

ನಾವು ಹೋಗಿದ್ದ ಒಂದು ಹಾಸ್ಟೆಲಿನ ಉಗ್ರಾಣದಲ್ಲಿ ಎರಡು ಡಬ್ಬಿಗೂ ಒಂದೇ ಸೌಟು. ಒಂದರ ಚೀಟಿ ಕಿತ್ತುಹೋಗಿತ್ತು, ಇನ್ನೊಂದರದು ಪೂರಾ ಇಂಗ್ಲಿಷ್. "ಓದಕ್ಕೆ ಬಂದಿದ್ರೆ ನಾನ್ಯಾಕಪ್ಪ ಇಲ್ಲಿರ್ತಿದ್ದೆ" ಅಂದರು ಅಲ್ಲಿ ತೊಳೆಯೋ ಅಮ್ಮ. ನಮ್ಮಲ್ಲಿ ಬಿ.ಎಸ್ಸಿ. ಓದೋರು ಇಬ್ಬರಿದ್ದರು. ಅವರೂ ಅದುವರೆಗೆ ಆ ಚೀಟಿ ಓದಿರಲಿಲ್ಲ.

ಘಾಟು ಎದ್ದರೆ ಬಕೆಟ್ ಉಳಿಸೋಕೆ ಹೋಗಬೇಡಿ. ಎಲ್ಲರನ್ನೂ ಹೊರಗೆ, ಗಾಳಿಗೆ ಕರಕೊಂಡು ಹೋಗಿ. ಕಣ್ಣು ಉರಿದರೆ ನೀರಿನಲ್ಲಿ ಚೆನ್ನಾಗಿ ತೊಳೀರಿ. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು, ಅದಕ್ಕೇ ಆಸ್ಪತ್ರೆಗೆ ತೋರಿಸಲೇಬೇಕು. ಪುಡಿಯನ್ನು ನೀರಿಗೆ ಹಾಕಿ, ಪುಡಿ ಮೇಲೆ ನೀರು ಸುರಿಯಬೇಡಿ.

ನಾಳೆ ನಿಮ್ಮ ಉಗ್ರಾಣದ ಬಾಗಿಲು ತೆಗೆಸಿ. ಬೇರೆ ಬೇರೆ ಜಾಗ, ಬೇರೆ ಸೌಟು, ಕನ್ನಡದ ಚೀಟಿ, ಕೈಗವಸು ಬೇಕು ಅಂತ ವಾರ್ಡನ್ನರನ್ನು ಗುಂಪಾಗಿ ಕೇಳಿ. ಆಮೇಲೆ ತೊಳೆಯೋ ಅಮ್ಮನ ಹತ್ತಿರ ಕೂತು, ಆ ಚೀಟಿಯಲ್ಲಿರೋದನ್ನು ಓದಿ ಹೇಳಿ.