ಹಳೆಯ ಕಾರಿನ ಟೈಮಿಂಗ್ ಸರಪಳಿ ಸದ್ದು ಮಾಡಿದರೆ
(ಭಾಷಣದ ಪಾಠ)



2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಪ್ರಾರಂಭವಾದ ಮೇಲೆ ಯಲಹಂಕ, ಹೆಬ್ಬಾಳಗಳ ಸುತ್ತಿನ ಊರುಗಳಲ್ಲಿ ಟ್ಯಾಕ್ಸಿ ಓಡಿಸುವ ಕಸುಬು ಬೇರೂರಿತು. ಹಾಗೆ ದುಡಿದ ಕಾರುಗಳು ಕೆಲವು ವರ್ಷಗಳಾದ ತರುವಾಯ ಕೈ ಬದಲಾಗಿ ನಮ್ಮ ಮನೆಗಳ ಮುಂದೆ ಬಂದು ನಿಲ್ಲುತ್ತವೆ. ಸಾಲ ಮಾಡಿ ಅಂಥದೊಂದು ಕಾರನ್ನು ಕೊಂಡ ತರುಣನಿಗೆ ಅದೇ ಹೊಲ, ಅದೇ ಎತ್ತು. ಒಂದು ಬೆಳಿಗ್ಗೆ ಇಂಜಿನು ಚಾಲೂ ಮಾಡಿದಾಗ ತಗಡಿನ ಡಬ್ಬದಲ್ಲಿ ಹುಣಿಸೆಬೀಜ ಹಾಕಿ ಅಲ್ಲಾಡಿಸಿದಂತೆ ಗಳಗಳನೆ ಸದ್ದು ಬಂದರೆ ಅವನು ಏನು ಮಾಡಬೇಕು? ಇಂದು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಈ ವಿಷಯವನ್ನೇ.

ಇಂಜಿನಿನ ಒಳಗೆ ಕ್ರ್ಯಾಂಕ್ ದಂಡವೂ, ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ದಂಡವೂ ಇರುತ್ತವೆ. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮು ಒಂದು ಸುತ್ತು ಸುತ್ತಬೇಕು. ಇವೆರಡನ್ನೂ ಕೂಡಿಸುವುದೇ ಟೈಮಿಂಗ್ ಸರಪಳಿ. ಇಂಜಿನು ನಿಮಿಷಕ್ಕೆ 2000 ಸುತ್ತು ಓಡುತ್ತಿದ್ದರೆ ಒಂದೊಂದು ವಾಲ್ವೂ ಒಂದು ಸೆಕೆಂಡಿಗೆ ಸುಮಾರು 17 ಸಲ ತೆರೆದು ಮುಚ್ಚುತ್ತದೆ. ಸರಪಳಿಯು ಒಂದೆರಡು ಹಲ್ಲು ಜಾರಿದರೆ ಲೆಕ್ಕವೆಲ್ಲ ತಪ್ಪಿ, ಅನೇಕ ಇಂಜಿನುಗಳಲ್ಲಿ ಪಿಸ್ಟನ್ನು ತೆರೆದಿರುವ ವಾಲ್ವಿಗೆ ಹೊಡೆಯುತ್ತದೆ. ಆಗ ವಾಲ್ವುಗಳು ಬಾಗುತ್ತವೆ. ಕಾರು ಅಲ್ಲಿಯೇ ನಿಲ್ಲುತ್ತದೆ.

ನಿಮ್ಮ ಕಾರಿನಲ್ಲಿರುವುದು ಸರಪಳಿಯೋ ಪಟ್ಟಿಯೋ ಎಂಬುದನ್ನು ಮೊದಲು ತಿಳಿಯಿರಿ. ಮಾರುತಿ 800 ಮತ್ತು ಓಮ್ನಿಗಳಲ್ಲಿ ಇರುವುದು ರಬ್ಬರಿನ ಪಟ್ಟಿ. ಅದನ್ನು ಕಿಲೋಮೀಟರಿನ ಲೆಕ್ಕದಲ್ಲಿ ಬದಲಾಯಿಸತಕ್ಕದ್ದು. ಹಳೆಯ 1489 ಸಿ.ಸಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಡೀಸೆಲ್ ಸ್ವಿಫ್ಟ್ ಡಿಜೈರ್, ಇಟಿಯಾಸ್ ಇವುಗಳಲ್ಲಿ ಇರುವುದು ಸರಪಳಿ. ಡಿಜೈರಿನ 1.3 ಲೀಟರ್ ಡೀಸೆಲ್ ಇಂಜಿನನ್ನು ಮಾರುತಿಯವರು 2020ರಲ್ಲಿ ನಿಲ್ಲಿಸಿದರೂ ನಮ್ಮ ರಸ್ತೆಗಳಲ್ಲಿ ಅದು ಇನ್ನೂ ಬೇಕಾದಷ್ಟಿದೆ.

ಸರಪಳಿ "ಎಳೆದುಕೊಂಡಿದೆ" ಎಂದು ಮೆಕ್ಯಾನಿಕ್ಕರು ಹೇಳುವುದುಂಟು. ವಾಸ್ತವವಾಗಿ ಕಬ್ಬಿಣ ಹಿಗ್ಗುವುದಿಲ್ಲ. ಕೊಂಡಿಗಳ ಕೀಲು ಸವೆಯುತ್ತದೆ. ನೂರು ಕೊಂಡಿಗಳಿರುವ ಸರಪಳಿಯಲ್ಲಿ ಒಂದೊಂದು ಕೀಲು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಸವೆದರೂ ಒಟ್ಟು 2 ಮಿಲಿಮೀಟರು ಉದ್ದವಾಗುತ್ತದೆ. ಸೈಕಲ್ಲಿನ ಹಳೆಯ ಚೈನು ಸಡಿಲವಾಗುವುದೂ ಹೀಗೆಯೇ. ಈ ಸಡಿಲವನ್ನು ಹೀರಿಕೊಳ್ಳಲು ಟೆನ್ಷನರ್ ಎಂಬ ಒತ್ತುಗೋಲು ಇರುತ್ತದೆ. ಈಚಿನ ಇಂಜಿನುಗಳಲ್ಲಿ ಅದು ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಎಣ್ಣೆ ಕಡಿಮೆಯಾದರೆ, ಹಳತಾಗಿ ಗಸಿಗಟ್ಟಿದರೆ, ಒತ್ತುಗೋಲಿಗೆ ಬಲ ಬರುವುದಿಲ್ಲ. ಸರಪಳಿ ಕವಚಕ್ಕೆ ಬಡಿಯುತ್ತದೆ. ಆದುದರಿಂದ ಸರಪಳಿಯ ಸದ್ದಿನ ಮೂಲ ಅನೇಕ ವೇಳೆ ಎಣ್ಣೆಯಲ್ಲಿಯೇ ಇರುತ್ತದೆ.

ಮೇಲೆ ಹೇಳಿದ ಡೀಸೆಲ್ ಇಂಜಿನು ಹಿಡಿಯುವುದು ಸುಮಾರು 3 ಲೀಟರು ಎಣ್ಣೆ ಮಾತ್ರ. ಅದರಲ್ಲಿ ಒಂದು ಲೀಟರು ಕಡಿಮೆಯಾದರೂ ಮೂರರಲ್ಲೊಂದು ಪಾಲು ಹೋದಂತೆ. ಇನ್ನೊಂದು ಸಂಗತಿ: ಹೆಬ್ಬಾಳದ ಮೇಲ್ಸೇತುವೆಯ ಬಳಿ ಅರ್ಧ ಗಂಟೆ ನಿಂತು ನಿಂತು ತೆವಳಿದರೆ ಮೀಟರು ತೋರಿಸುವುದು ಎರಡೇ ಕಿಲೋಮೀಟರು, ಇಂಜಿನು ದುಡಿದಿರುವುದು ಮಾತ್ರ ಅರ್ಧ ಗಂಟೆ. ಪುಸ್ತಕದಲ್ಲಿ ಬರೆದ ಕಿಲೋಮೀಟರು ತುಂಬಲಿ ಎಂದು ಟ್ಯಾಕ್ಸಿಯವರು ಕಾಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ಮುಂಚೆಯೇ ಎಣ್ಣೆ ಬದಲಾಯಿಸುವುದು ಲೇಸು.

ಸದ್ದು ಕೇಳಿದ ದಿನ ಸಮನೆಲದ ಮೇಲೆ ಕಾರು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಅಳತೆ ಕಡ್ಡಿಯನ್ನು ತೆಗೆದು ನೋಡಿರಿ. ಬೆಳಗಿನ ತಣ್ಣನೆಯ ಇಂಜಿನಿನಲ್ಲಿ ಎರಡು ಮೂರು ಸೆಕೆಂಡು ಗಳಗಳ ಎಂದು ನಿಂತುಹೋದರೆ, ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೂ ಒಳ್ಳೆಯ ಫಿಲ್ಟರನ್ನೂ ಹಾಕಿಸಿ ಕೆಲವು ದಿನ ಗಮನಿಸಿ. ಒಳ್ಳೆಯ ಫಿಲ್ಟರಿನಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಬಿಲ್ಲೆ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದನ್ನು ನಂಬುವಂತಿಲ್ಲ. ಇಂಜಿನು ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಬಾಡಿಗೆಗೆ ಹೋಗಬೇಡಿ. ಎಣ್ಣೆಯ ಕೆಂಪು ದೀಪ ಹತ್ತಿದರಂತೂ ತತ್‌ಕ್ಷಣ ಇಂಜಿನು ಆರಿಸಿ.

ಎಲ್ಲ ಸದ್ದೂ ಸರಪಳಿಯದಲ್ಲ. ರಾಗಿ ಬೀಸಿದಂಥ ಗರಗರ ಸದ್ದು ಆಲ್ಟರ್ನೇಟರಿನ ಅಥವಾ ನೀರಿನ ಪಂಪಿನ ಬೇರಿಂಗಿನದಾಗಿರಬಹುದು. ಹೊರಗಿನ ಬೆಲ್ಟನ್ನು ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿದಾಗ ಸದ್ದು ಅಡಗಿದರೆ ಸರಪಳಿ ನಿರಪರಾಧಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸರಪಳಿಯ ಕವಚಕ್ಕೆ ಮುಟ್ಟಿಸಿ, ಹಿಡಿಗೆ ಕಿವಿಕೊಟ್ಟರೂ ತಿಳಿಯುತ್ತದೆ. ಹೆಗಲ ಮೇಲಿನ ಟವೆಲನ್ನು ಮೊದಲು ತೆಗೆದಿಡಿ. ತಿರುಗುವ ಫ್ಯಾನಿಗೆ ಅದು ಸಿಕ್ಕಿದರೆ ಸರಪಳಿಯ ಚಿಂತೆ ಯಾರಿಗೂ ಉಳಿಯುವುದಿಲ್ಲ.

ಅಂಬಾಸಿಡರ್ ಪೆಟ್ರೋಲು ಕಾರು ಇದ್ದವರಿಗೆ ಸುಲಭದ ಪರೀಕ್ಷೆಯೊಂದಿದೆ. ಇಂಜಿನು ಆರಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಕ್ರ್ಯಾಂಕಿನ ಪುಲ್ಲಿಯನ್ನು ಸ್ಪ್ಯಾನರಿನಿಂದ ಸ್ವಲ್ಪ ಮುಂದಕ್ಕೂ ಹಿಂದಕ್ಕೂ ತಿರುಗಿಸಿ, ರೋಟರನ್ನು ನೋಡುತ್ತಿರಿ. ಪುಲ್ಲಿ ತಿರುಗಿದರೂ ರೋಟರು ಬಹಳ ಹೊತ್ತು ಕದಲದಿದ್ದರೆ ನಡುವೆ ಅಷ್ಟು ಸಡಿಲವಿದೆಯೆಂದು ಅರ್ಥ. ಈಚಿನ ಡೀಸೆಲ್ ಕಾರುಗಳಲ್ಲಿ ಈ ಪರೀಕ್ಷೆ ಬೇಡ. ಎಣ್ಣೆಯ ಒತ್ತಡವಿಲ್ಲದಾಗ ಇಂಜಿನನ್ನು ಹಿಂದಕ್ಕೆ ತಿರುಗಿಸಿದರೆ ಸಡಿಲವಾದ ಸರಪಳಿ ಹಲ್ಲು ಜಾರಬಹುದು. ಅದೇ ಕಾರಣಕ್ಕಾಗಿ ಅಂಥ ಕಾರನ್ನು ಗೇರಿನಲ್ಲಿಟ್ಟು ಹಿಂದಕ್ಕೆ ತಳ್ಳಬಾರದು. ತಳ್ಳಿ ಚಾಲೂ ಮಾಡಲೂ ಬಾರದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರನ್ನು ನಂಬದೆ ಹ್ಯಾಂಡ್ ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಿ.

ಹಳೆಯ ಟ್ಯಾಕ್ಸಿ ಕೊಳ್ಳಲು ಹೋಗುವವರು ಬೆಳಗಿನ ಜಾವವೇ ಹೋಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿರಿ. ಅದು ಬೆಚ್ಚಗಿದ್ದರೆ, "ಅಣ್ಣಾ, ನಾಳೆ ಬರುತ್ತೇನೆ, ಅಲ್ಲಿಯವರೆಗೆ ಚಾಲೂ ಮಾಡಬೇಡ" ಎಂದು ಹೇಳಿ ಹಿಂದಿರುಗಿ. ಸರಪಳಿಯ ರೋಗ ತಣ್ಣನೆಯ ಇಂಜಿನಿನಲ್ಲೇ ಬಯಲಾಗುವುದು. ಮಂದವಾದ ಎಣ್ಣೆ ತುಂಬಿ ಸದ್ದು ಮುಚ್ಚುವವರೂ ಇದ್ದಾರೆ. ಆ ಎಣ್ಣೆ ಬೆಳಗಿನ ಚಳಿಯಲ್ಲಿ ಮೇಲಕ್ಕೆ ಏರಲು ಇನ್ನಷ್ಟು ತಡಮಾಡಿ, ಸವೆತವನ್ನು ಹೆಚ್ಚಿಸುತ್ತದೆ.

ಸರಪಳಿ ಬದಲಾಯಿಸಬೇಕಾದಲ್ಲಿ ಅದೊಂದನ್ನೇ ಹಾಕಿಸಬೇಡಿ. ಹಲ್ಲುಗಾಲಿಗಳು, ಟೆನ್ಷನರ್, ಗೈಡು ಪಟ್ಟಿಗಳು, ಮುಂದಿನ ಎಣ್ಣೆ ಸೀಲು ಇವೆಲ್ಲವೂ ಒಟ್ಟಿಗೆ ಆಗಲಿ. ಸವೆದ ಹಲ್ಲುಗಾಲಿ ಹೊಸ ಸರಪಳಿಯನ್ನು ಬೇಗ ತಿನ್ನುತ್ತದೆ. ಅಂಬಾಸಿಡರಿನಲ್ಲಿ ಎರಡು ಗಾಲಿಗಳ ಚುಕ್ಕೆಗಳು ಎದುರುಬದುರಾಗುವಂತೆ ಜೋಡಿಸುತ್ತಾರೆ. ಡೀಸೆಲ್ ಇಂಜಿನಿಗೆ ದಂಡಗಳನ್ನು ಹಿಡಿದು ನಿಲ್ಲಿಸುವ ಪ್ರತ್ಯೇಕ ಸಾಧನ ಬೇಕು. ಆ ಸಾಧನವಿದೆಯೇ ಎಂದು ಮೆಕ್ಯಾನಿಕ್ಕನನ್ನು ಸಂಕೋಚವಿಲ್ಲದೆ ಕೇಳಿ. ಇಲ್ಲವಾದರೆ ಬೇರೆ ಗ್ಯಾರೇಜಿಗೆ ಹೋಗಿ. ಜೋಡಣೆಯಾದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಮುಂದಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆಯದೆ ದಂಡಗಳು ತಮ್ಮ ಸ್ಥಾನಕ್ಕೆ ಬಂದುದನ್ನು ಕಂಡ ನಂತರವೇ ಕೀಲಿಕೈ ಮುಟ್ಟಬೇಕು.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೆ ಹೋಗುವವರು ಇಂಜಿನಿನ ನಂಬರನ್ನು ಬರೆದುಕೊಂಡು ಹೋಗಿ, ರಸೀದಿ ಪಡೆಯಿರಿ. ಗ್ಯಾರೇಜಿನಲ್ಲಿ ಹಳೆಯ ಸರಪಳಿಯನ್ನು ಹೊಸದರ ಪಕ್ಕದಲ್ಲಿ ನೇತುಹಾಕಿ ತೋರಿಸಲು ಹೇಳಿ. ಎಷ್ಟು ಉದ್ದವಾಗಿತ್ತೆಂಬುದು ಕಣ್ಣಿಗೇ ಕಾಣುತ್ತದೆ. ಹಳೆಯ ಭಾಗಗಳನ್ನು ಅಲ್ಲಿಯೇ ಬಿಡದೆ ಚೀಲದಲ್ಲಿ ಹಾಕಿಸಿಕೊಂಡು ಬನ್ನಿ.